ಹೆಚ್ಚಾದರೆ ಇನ್ನೊಂದು ಕಟ್, ಕಮ್ಮಿಯಾದರೆ ಸ್ಕ್ರ್ಯಾಪ್

ಐಟಿಐ ಫಲಿತಾಂಶ ಬಂದ ವಾರದಲ್ಲೇ ನನ್ನ ಜೊತೆ ಟರ್ನರ್ (ಲೋಹ ಕಡೆಯುವ ಕೆಲಸ) ಓದಿದ ಅರ್ಧಕ್ಕರ್ಧ ಹುಡುಗರು ಬೆಂಗಳೂರು ಬಸ್ ಹತ್ತಿದ್ದರು. ಒಬ್ಬ ಪೀಣ್ಯದಿಂದ ಫೋನ್ ಮಾಡಿ, "ಹದಿನಾಕು ಸಾವಿರ ಕೊಡ್ತಾರಲೇ, ರೂಮಲ್ಲಿ ಜಾಗ ಐತಿ, ಬಂದ್ಬಿಡು" ಅಂದ. ನಾನು ಹೋಗಲಿಲ್ಲ. ಹರಿಹರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ತಿಂಗಳಿಗೆ 7,000 ರೂಪಾಯಿಗೆ ಒಂದು ವರ್ಷದ ಅಪ್ರೆಂಟಿಸ್ ಆಗಿ ಸೇರಿದೆ. 2023ರ ಅಕ್ಟೋಬರ್ ಅದು.

ಹಳೇ ದಾವಣಗೆರೆಯ ನಮ್ಮ ಓಣಿಯಲ್ಲಿ ಇದನ್ನು ಒಪ್ಪಿಸುವುದು ಕಷ್ಟವಾಯಿತು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಮೊದಲಿನಿಂದಲೂ ಕೆಲಸಕ್ಕಿದ್ದಾನೆ. ಭಟ್ಟಿಗೆ ಹೋದರೂ ಅದಕ್ಕಿಂತ ಜಾಸ್ತಿ ಬರುತ್ತದೆ ಎಂದು ಚಿಕ್ಕಪ್ಪ ಬೆರಳು ಮಡಿಚಿ ಲೆಕ್ಕ ತೋರಿಸಿದ. ಲೆಕ್ಕ ಸರಿಯಾಗೇ ಇತ್ತು, ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಅಪ್ಪ ಮಾತ್ರ ಒಂದೇ ಮಾತು ಕೇಳಿದ: "ಕಲಿಸ್ತಾರೇನು?"

"ಕಲಿಸ್ಬೇಕು. ಒಪ್ಪಂದದಾಗೆ ಐತಿ."

"ಹಂಗಾದ್ರೆ ಹೋಗು."

ನನಗೆ ಬೇಕಾಗಿದ್ದುದೂ ಅದೇ. ಐಟಿಐಯಲ್ಲಿ ನಾಲ್ಕೈದು ಹುಡುಗರಿಗೆ ಒಂದು ಲೇಥ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಮಿಷಿನ್, ಇತ್ತು. ಒಬ್ಬ ಹ್ಯಾಂಡಲ್ ತಿರುಗಿಸುತ್ತಿದ್ದರೆ ಉಳಿದವರು ಸುತ್ತ ನಿಂತು ನೋಡಬೇಕು. ಎರಡು ವರ್ಷದಲ್ಲಿ ನಾನು ಸ್ವಂತ ಕೈಯಿಂದ ಎಷ್ಟು ತಾಸು ಮಿಷಿನ್ ನಡೆಸಿದೆ ಎಂದು ನೆನೆಸಿಕೊಂಡರೆ ಇವತ್ತಿಗೂ ಬೇಜಾರಾಗುತ್ತದೆ. ಥ್ರೆಡ್ ಕಟಿಂಗಿನ (ಸ್ಕ್ರೂವಿನ ಸುತ್ತುಗೆರೆ ಕೊರೆಯುವುದು) ಸೂತ್ರ ಬಾಯಿಪಾಠ ಇತ್ತು. ಥ್ರೆಡ್ ಕಟ್ ಮಾಡಲು ನಿಂತರೆ ಕೈ ನಡುಗುತ್ತಿತ್ತು. ಹಾಗೇ ಹೋಗಿ ಬೆಂಗಳೂರಿನಲ್ಲಿ ನಿಂತಿದ್ದರೆ ಬಟನ್ ಒತ್ತುವ ಆಪರೇಟರ್ ಆಗುತ್ತಿದ್ದೆ, ಅಷ್ಟರಲ್ಲೇ ಉಳಿಯುತ್ತಿದ್ದೆ.

ಸೇರುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ, ಈಗಲೂ ಹುಡುಗರು ಅದನ್ನೇ ಕೇಳುತ್ತಾರೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಹಾಕಿ ಹೆಸರು ನೋಂದಾಯಿಸಬೇಕು. ಕಂಪನಿಗಳೂ ಅಲ್ಲೇ ಜಾಗ ಹಾಕಿರುತ್ತವೆ. 30 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಒಟ್ಟು ಸಿಬ್ಬಂದಿಯಲ್ಲಿ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮ ಇದೆ. ಹಾಗಾಗಿ ಹುಡುಕಿದರೆ ಜಾಗ ಸಿಗುತ್ತದೆ. ಆಯ್ಕೆಯಾದ ಮೇಲೆ ಒಪ್ಪಂದ ಪೋರ್ಟಲ್‌ನಲ್ಲೇ ತಯಾರಾಗುತ್ತದೆ. ಕಂಪನಿಯೂ ಒಪ್ಪಬೇಕು, ನಾವೂ ಒಪ್ಪಬೇಕು. ನನ್ನಂಥ ಐಟಿಐ ಮುಗಿಸಿದವರಿಗೆ 2019ರ ನಿಯಮದ ಪ್ರಕಾರ ಕನಿಷ್ಠ ಸ್ಟೈಪೆಂಡ್ 7,000 ರೂಪಾಯಿ ಇತ್ತು, ಡಿಪ್ಲೊಮಾದವರಿಗೆ 8,000. ನನ್ನ 7,000ದಲ್ಲಿ 1,500 ಸರ್ಕಾರದ ಪಾಲು. ಮೊದಲು ಅದೂ ಕಂಪನಿ ಮೂಲಕವೇ ಬರುತ್ತಿತ್ತಂತೆ. 2023ರ ಆಗಸ್ಟ್‌ನಿಂದ ನೇರ ನಮ್ಮ ಖಾತೆಗೆ ಹಾಕಲು ಶುರು ಮಾಡಿದರು. ಉಳಿದ 5,500 ಕಂಪನಿಯದು.

ಇಲ್ಲಿ ನಾನೊಂದು ತಪ್ಪು ಮಾಡಿದ್ದೆ. ಪಾಸ್‌ಬುಕ್ ಕೊಟ್ಟಿದ್ದೇನೆ, ಆಧಾರ್ ಲಿಂಕ್ ಇದೆ, ಇನ್ನೇನು ಎಂದುಕೊಂಡಿದ್ದೆ. ಕಂಪನಿ ದುಡ್ಡು ಬಂತು, ಸರ್ಕಾರದ 1,500 ಎರಡು ತಿಂಗಳಾದರೂ ಕಾಣಲಿಲ್ಲ. ಆಮೇಲೆ ಗೊತ್ತಾಯಿತು, ಸರ್ಕಾರದ ಹಣ ನಾವು ಕೊಟ್ಟ ಖಾತೆ ನೋಡಿ ಬೀಳುವುದಿಲ್ಲ, ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಬೀಳುತ್ತದೆ. ನನ್ನದು ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗಾಗಿ ತೆರೆದಿದ್ದ ಹಳೇ ಖಾತೆಗೆ ಹೋಗಿ ಕೂತಿತ್ತು. ಅದರ ಪಾಸ್‌ಬುಕ್ ಎಲ್ಲಿದೆ ಅಂತಲೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 3,000 ರೂಪಾಯಿ ಬಿಡಿಸಿಕೊಳ್ಳಲು ಎರಡು ದಿನದ ರಜೆ ಹೋಯಿತು.

ಮೊದಲ ದಿನ ಬೆಳಗಿನ ಶಿಫ್ಟ್. ಆರಕ್ಕೆ ಗೇಟಿನ ಒಳಗಿರಬೇಕೆಂದರೆ ಐದಕ್ಕೆಲ್ಲ ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ನಿಂತಿರಬೇಕು. ಅಮ್ಮ ಹಿಂದಿನ ದಿನ ದುರ್ಗಮ್ಮನ ಗುಡಿಗೆ ಹೋಗಿ ದಾರ ತಂದು ಬಲಗೈಗೆ ಕಟ್ಟಿದ್ದಳು. ನನ್ನನ್ನು ಯಾರ ಜೊತೆ ಬಿಟ್ಟರೋ ಆ ಸೆಟ್ಟರ್ ಅಣ್ಣ, ಅಂದರೆ ಮಿಷಿನ್‌ಗೆ ಅಳತೆ ಕೂರಿಸಿ ಕೊಡುವವನು, ನನ್ನ ಮುಖ ನೋಡುವ ಮೊದಲು ಕೈ ನೋಡಿದ. "ತಮ್ಮಾ, ಅದನ್ನ ಬಿಚ್ಚು. ದೇವರದು ಅಂತ ಗೊತ್ತು, ಆದ್ರೂ ಬಿಚ್ಚು." ಮಿಷಿನ್‌ನ ತಿರುಗುವ ದಂಡ, ಸ್ಪಿಂಡಲ್, ನಿಮಿಷಕ್ಕೆ ಸಾವಿರ ಸುತ್ತು ಸುತ್ತುವಾಗ ಒಂದು ನೂಲು ಸಿಕ್ಕಿದರೂ ಅದು ಕೈಯನ್ನು ಜೊತೆಗೇ ಎಳೆದುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಸಮಯ ಕೊಡುವುದಿಲ್ಲ. ಅದೇ ಕಾರಣಕ್ಕೆ ತಿರುಗುವ ಮಿಷಿನ್ ಮುಂದೆ ಬಟ್ಟೆಯ ಗ್ಲೌಸೂ ಹಾಕಬಾರದು. ಲೋಹದ ತುಂಡನ್ನು ಹಿಡಿಯುವ ಚಕ್ಕನ್ನು ಬಿಗಿ ಮಾಡುವ ಚಕ್ ಕೀಯನ್ನು ಚಕ್‌ನಲ್ಲೇ ಬಿಟ್ಟು ಕೈ ತೆಗೆಯಬಾರದು, ಅರೆಗಳಿಗೆಗೂ. ದಾರ ಬಿಚ್ಚಿ ಊಟದ ಡಬ್ಬಿಯ ಚೀಲಕ್ಕೆ ಕಟ್ಟಿದೆ. ವರ್ಷಪೂರ್ತಿ ಅದು ಅಲ್ಲೇ ಇತ್ತು.

ಆಮೇಲೆ ಒಂಬತ್ತು ವಾರ ನನಗೆ ಯಾರೂ ಏನೂ ಕಲಿಸಲಿಲ್ಲ.

ಇದನ್ನು ಮುಚ್ಚಿಡಬಾರದು ಎಂದೇ ಬರೆಯುತ್ತಿದ್ದೇನೆ. ಒಂಬತ್ತು ವಾರ ನಾನು ಮಾಡಿದ್ದು ಬರ್ ತೆಗೆಯುವ ಕೆಲಸ. ಮಿಷಿನ್‌ನಿಂದ ಬಂದ ಜಾಬಿನ, ಅಂದರೆ ಕಡೆದ ಬಿಡಿಭಾಗದ, ಅಂಚಿಗೆ ನಿಂತಿರುವ ಚೂಪು ಲೋಹವನ್ನು ಅರದಿಂದ ಉಜ್ಜಿ ತೆಗೆಯುವುದು, ಎಣ್ಣೆ ಹಚ್ಚುವುದು, ಟ್ರೇಗೆ ಜೋಡಿಸುವುದು, ಮತ್ತೆ ಉಜ್ಜುವುದು. ದಿನಕ್ಕೆ ಇನ್ನೂರು, ಇನ್ನೂರೈವತ್ತು ಜಾಬ್. ಬೆರಳ ತುದಿಗಳು ಗೀರು ಬಿದ್ದು, ರಾತ್ರಿ ಉಪ್ಪಿನಕಾಯಿ ಮುಟ್ಟಿದರೆ ಉರಿಯುತ್ತಿತ್ತು. ಮೊದಲ ವಾರ ಅದರಲ್ಲೂ ಕಲಿಯುವುದಿತ್ತು, ಸುಳ್ಳು ಹೇಳಲಾರೆ. ಅಂಚು ಹೇಗಿದೆ ಎಂದು ನೋಡಿಯೇ ಒಳಗಿನ ಟೂಲ್ ಸವೆದಿದೆಯೇ ಎಂದು ಹೇಳಬಹುದು: ಬರ್ ದಪ್ಪಗಾಗುತ್ತಾ ಬಂದರೆ ಟೂಲಿನ ತುದಿಯ ಕತ್ತರಿಸುವ ತುಂಡು, ಇನ್ಸರ್ಟ್, ಸವೆದುಹೋಗುತ್ತಿದೆ ಎಂದರ್ಥ. ಆದರೆ ಒಂಬತ್ತನೇ ವಾರ ಅದರಲ್ಲಿ ಹೊಸದೇನೂ ಉಳಿದಿರಲಿಲ್ಲ. ಅಪ್ರೆಂಟಿಸ್ ಎಂದರೆ ಕಾನೂನಿನ ಕಣ್ಣಲ್ಲಿ ಕಾರ್ಮಿಕ ಅಲ್ಲ, ತರಬೇತಿ ಪಡೆಯುವವನು. ಅದಕ್ಕೇ ಅವನಿಗೆ ಕಾರ್ಮಿಕನ ಸಂಬಳ ಇಲ್ಲ. ತರಬೇತಿಯನ್ನೂ ಕೊಡದಿದ್ದರೆ ಅಲ್ಲಿ ಉಳಿಯುವುದು ಅಗ್ಗದ ಕೂಲಿ ಮಾತ್ರ.

ನನ್ನ ಐಟಿಐ ಸರ್‌ಗೆ ಫೋನ್ ಮಾಡಿದೆ. "ಒಪ್ಪಂದ ತೆಗೆದು ಓದು, ಟ್ರೇಡಿನ ಸಿಲಬಸ್ ಪ್ರಿಂಟ್ ಹಾಕಿಸ್ಕೊ. ಜಗಳ ಆಡ್ಬೇಡ, ಕಾಗದ ತೋರ್ಸು" ಅಂದರು. ಜಯದೇವ ಸರ್ಕಲ್ ಹತ್ತಿರ ಪ್ರಿಂಟ್ ಹಾಕಿಸಿದೆ. ಅದರಲ್ಲಿ ಯಾವ ಕೆಲಸ ಎಷ್ಟು ಕಲಿಸಬೇಕೆಂದು ಒಂದೊಂದಾಗಿ ಇತ್ತು. ಶನಿವಾರ ಟ್ರೇನಿಂಗ್ ನೋಡಿಕೊಳ್ಳುವ ಸರ್ ಮೇಜಿನ ಮೇಲೆ ಇಟ್ಟು, "ಸರ್, ನಾನು ಸೇರಿದ್ದು ಟರ್ನರ್ ಅಂತ. ಇದರಲ್ಲಿ ಇಲ್ಲೀವರೆಗೆ ಒಂದೂ ಆಗಿಲ್ಲ" ಅಂದೆ. ಧ್ವನಿ ನಡುಗಿತು. ಅವರು ಪುಟ ತಿರುಗಿಸಿ ನೋಡಿದರು, ಬಯ್ಯಲಿಲ್ಲ. "ಯಾರೂ ಕೇಳಿರ್ಲಿಲ್ಲಪ್ಪ" ಅಂದರು. ಸೋಮವಾರ ನನ್ನನ್ನು ಲೇಥ್ ಸೆಕ್ಷನ್‌ಗೆ ಹಾಕಿದರು. ಜೊತೆಗೆ ಬರ್ ತೆಗೆಯುತ್ತಿದ್ದ ಇನ್ನಿಬ್ಬರನ್ನೂ ಹಾಕಿದರು.

ಆ ಸೆಕ್ಷನ್ನಿನ ಮೂಲೆಯಲ್ಲಿ ಹರಿಹರದಲ್ಲೇ ಹುಟ್ಟಿದ ಒಂದು ಹಳೇ ಕಿರ್ಲೋಸ್ಕರ್ ಲೇಥ್ ಇತ್ತು. ಮೈಸೂರು ಕಿರ್ಲೋಸ್ಕರ್ ಇಲ್ಲಿ ಶುರುವಾಗಿದ್ದು 1941ರಲ್ಲಿ. ಊರಿನ ಆ ಭಾಗವನ್ನು ಇವತ್ತಿಗೂ ಯಂತ್ರಾಪುರ ಎಂದೇ ಕರೆಯುತ್ತಾರೆ. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು, ಅದು ಮಾಡಿಟ್ಟ ಲೇಥ್‌ಗಳು ಇನ್ನೂ ಓಡುತ್ತಿವೆ. ಬಣ್ಣ ಎಷ್ಟೋ ಸಲ ಬಳಿದು ಹೆಸರಿನ ಅಕ್ಷರ ತುಂಬಿಹೋಗಿತ್ತು, ಬೆರಳಿಂದ ಮುಟ್ಟಿದರೆ ಮಾತ್ರ ತಿಳಿಯುತ್ತಿತ್ತು. ನಮ್ಮೂರಿನ ಕಡೆಯ ಕೈಗಳು ಮಾಡಿದ ಮಿಷಿನ್ ಮೇಲೆ ನಾನು ಕೆಲಸ ಕಲಿತೆ ಎನ್ನುವುದು ನನಗೆ ದೊಡ್ಡ ಮಾತು.

ಅದರ ಮೇಲೆ ಕಲಿತ ಮೊದಲ ವಿದ್ಯೆ ನಾಲ್ಕು ದವಡೆಯ ಚಕ್‌ನಲ್ಲಿ ಜಾಬನ್ನು ನಡುವಿಗೆ ತರುವುದು. ಮೂರು ದವಡೆಯ ಚಕ್ ತಾನೇ ನಡುವಿಗೆ ಹಿಡಿಯುತ್ತದೆ. ನಾಲ್ಕು ದವಡೆಯದರಲ್ಲಿ ಒಂದೊಂದೂ ಬೇರೆ ಬೇರೆ ಸರಿಯುತ್ತದೆ, ನಡು ಎಲ್ಲಿ ಎಂದು ನಾವೇ ಹುಡುಕಬೇಕು. ಡಯಲ್ ಗೇಜನ್ನು ಜಾಬಿಗೆ ತಾಗಿಸಿ, ಚಕ್ಕನ್ನು ಕೈಯಿಂದ ನಿಧಾನ ತಿರುಗಿಸಿ, ಮುಳ್ಳು ಎಲ್ಲಿ ಏರಿತು ಎಲ್ಲಿ ಇಳಿಯಿತು ನೋಡಬೇಕು. ಏರಿದ ಕಡೆಯ ದವಡೆ ಬಿಗಿ ಮಾಡುವ ಮೊದಲು ಎದುರಿನದನ್ನು ಕೂದಲೆಳೆಯಷ್ಟು ಸಡಿಲಿಸಬೇಕು. ಮೊದಲ ಸಲ ನನಗೆ ಐವತ್ತು ನಿಮಿಷ ಹಿಡಿಯಿತು. ಸೆಟ್ಟರ್ ಅಣ್ಣ ಹತ್ತಿರವೇ ನಿಂತಿದ್ದ, ಕೈ ಹಾಕಲಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಆರು ನಿಮಿಷಕ್ಕೆ ಬಂದಿತ್ತು.

ಮಾರ್ಚ್‌ನಲ್ಲಿ ಸಿಎನ್‌ಸಿ ಟರ್ನಿಂಗ್‌ಗೆ, ಅಂದರೆ ಕಂಪ್ಯೂಟರ್ ನಡೆಸುವ ಲೇಥ್‌ಗೆ, ಹಾಕಿದರು. ಅದಕ್ಕೆ ಆಜ್ಞೆ ಕೊಡುವ ಜಿ ಕೋಡ್, ಎಂ ಕೋಡ್ ಓದುವುದು ಅಂದುಕೊಂಡಷ್ಟು ಕಷ್ಟವಲ್ಲ, ಎರಡು ವಾರದಲ್ಲಿ ಪ್ರೋಗ್ರಾಮ್ ಓದಿ ಟೂಲ್ ಎತ್ತ ಹೋಗುತ್ತದೆ ಎಂದು ಹೇಳುವಷ್ಟಾದೆ. ನಾನು ಸೋತದ್ದು ಅಳತೆಯಲ್ಲಿ.

ದುರ್ಗಮ್ಮನ ಜಾತ್ರೆ ಮುಗಿದು ಬಿಸಿಲು ಏರಿದ್ದ ಏಪ್ರಿಲ್. ಜಾಬ್ ಒಂದು ಶಾಫ್ಟು, ಇಎನ್8 ಎಂಬ ಜಾತಿಯ ಸ್ಟೀಲ್. ಅದರ ಮೇಲೆ ಬೇರಿಂಗ್ ಕೂರುವ ಜಾಗದ ವ್ಯಾಸ 40 ಮಿಲಿಮೀಟರ್, ಕೆ6 ಟಾಲರೆನ್ಸ್. ಅಂದರೆ 40.002ರಿಂದ 40.018ರೊಳಗೆ ಬರಬೇಕು. ನಡುವಿನ ಜಾಗ ಹದಿನಾರು ಮೈಕ್ರಾನ್, ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಹದಿನಾರು ಭಾಗ. ಸೆಟ್ಟರ್ ಅಣ್ಣ ಆಫ್‌ಸೆಟ್, ಅಂದರೆ ಟೂಲ್ ಎಷ್ಟು ಒಳಗೆ ಹೊರಗೆ ಸರಿಯಬೇಕೆಂಬ ಅಂಕಿ, ಹಾಕಿ, ನಾಲ್ಕು ಪೀಸ್ ತೆಗೆದು, ಸರಿಯಿದೆ ನೋಡು ಎಂದು ಬೇರೆ ಮಿಷಿನ್‌ಗೆ ಹೋದ. ನಾನು ಮುಂದಿನ ಪೀಸ್ ತೆಗೆದವನೇ ಮೈಕ್ರೋಮೀಟರ್ ಹಿಡಿದೆ. 40.015. ಇನ್ನು ಮೂರು ಮೈಕ್ರಾನ್‌ಗಿಂತ ಹೆಚ್ಚು ಏರಿದರೆ ಹೊರಗೆ. ಟೂಲ್ ಸವೆದಂತೆ ಹೊರ ಅಳತೆ ಏರುತ್ತಾ ಹೋಗುತ್ತದೆ ಎಂದು ಕಲಿಸಿದ್ದರು. ಮುಂಚೆಯೇ ಹುಷಾರಾಗಿರೋಣ ಎಂದು ಆಫ್‌ಸೆಟ್‌ನಲ್ಲಿ 0.010 ಕಮ್ಮಿ ಮಾಡಿದೆ. ಮುಂದಿನದು 40.005 ಬಂತು. ಸಮಾಧಾನವಾಯಿತು. ಹದಿನಾಲ್ಕು ಪೀಸ್ ಹೊಡೆದೆ, ಎಲ್ಲವೂ ಅದರ ಆಸುಪಾಸಿನಲ್ಲೇ ಬಂದವು.

ಮಧ್ಯಾಹ್ನ ಇನ್‌ಸ್ಪೆಕ್ಷನ್ ರೂಮಿನಿಂದ ಟ್ರೇ ವಾಪಸ್ ಬಂತು. ಹದಿನಾಲ್ಕಕ್ಕೆ ಹದಿನಾಲ್ಕೂ 40ಕ್ಕಿಂತ ಕೆಳಗೆ. ಕೆಂಪು ಬಣ್ಣ ಬಳಿದಿದ್ದರು.

ಟರ್ನರ್‌ಗಳಲ್ಲಿ ಒಂದು ಮಾತಿದೆ: ಹೆಚ್ಚಾದರೆ ಇನ್ನೊಂದು ಕಟ್, ಕಮ್ಮಿಯಾದರೆ ಸ್ಕ್ರ್ಯಾಪ್. ತೆಗೆದ ಲೋಹ ವಾಪಸ್ ಬರುವುದಿಲ್ಲ. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ, ಕಣ್ಣಲ್ಲಿ ನೀರು ಬಂದಿತ್ತು. ನನ್ನ ಅಳತೆ ಸುಳ್ಳಲ್ಲ, ಅವರ ಅಳತೆಯೂ ಸುಳ್ಳಲ್ಲ, ಹಾಗಾದರೆ ಎಲ್ಲಿ ತಪ್ಪಿತು ಎಂದು ತಲೆಗೆ ಹತ್ತುತ್ತಿರಲಿಲ್ಲ.

ಸೆಟ್ಟರ್ ಅಣ್ಣ ಕೂಗಾಡಲಿಲ್ಲ. ಮಿಷಿನ್‌ನಿಂದ ಹೊಸ ಪೀಸ್ ಒಂದು ತೆಗೆಸಿದ. ನನ್ನ ಅಂಗೈ ಮೇಲೆ ಇಟ್ಟ. "ಹೆಂಗೈತಿ?"

"ಬಿಸಿ ಐತಿ ಅಣ್ಣ."

"ಅಳತೆ ಮಾಡಿ ಬರಿ. ಹತ್ತು ನಿಮಿಷಕ್ಕೊಂದ್ಸಲ ಬರಿ."

ಬರೆದೆ. 40.005. ಹತ್ತು ನಿಮಿಷದ ಮೇಲೆ 40.001. ಆಮೇಲೆ 39.998. ಆಮೇಲೆ 39.996, ಅಲ್ಲಿಗೆ ನಿಂತಿತು. ಕಬ್ಬಿಣ ನನ್ನ ಕಣ್ಣೆದುರೇ ಕುಗ್ಗುತ್ತಿತ್ತು, ನೋಡಿದರೆ ಏನೂ ಗೊತ್ತಾಗದು, ಅಂಕಿ ಮಾತ್ರ ಇಳಿಯುತ್ತಿತ್ತು.

ಟ್ರೇನಿಂಗ್ ಸರ್ ಆ ಶನಿವಾರ ಇದನ್ನೇ ಬೋರ್ಡ್ ಮೇಲೆ ಹಾಕಿದರು. ಸ್ಟೀಲ್ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ನನ್ನ ಶಾಫ್ಟು 40 ಮಿಲಿಮೀಟರ್, ಇನ್‌ಸ್ಪೆಕ್ಷನ್ ರೂಮಿಗಿಂತ ಇಪ್ಪತ್ತು ಡಿಗ್ರಿ ಬಿಸಿ ಇದ್ದಿರಬಹುದು. ಗುಣಿಸಿದರೆ ಸುಮಾರು 9 ಮೈಕ್ರಾನ್. ನಾನು ಕಂಡ 40.015, ಆರಿದ ಮೇಲೆ 40.006 ಆಗುತ್ತಿತ್ತು, ಅಂದರೆ ಸರಿಯಾಗಿತ್ತು. ಸರಿಯಾಗಿದ್ದುದನ್ನು ತಿದ್ದಿ ಕೆಡಿಸಿದ್ದೆ. ಡ್ರಾಯಿಂಗ್ ಮೇಲೆ ಬರೆದ ಅಳತೆ 20 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕದ್ದು ಎಂದು ಐಟಿಐ ಪುಸ್ತಕದಲ್ಲಿ ಓದಿದ್ದೆ, ಹಿಗ್ಗುವ ಸೂತ್ರಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆ ಸೂತ್ರಕ್ಕೂ ನನ್ನ ಅಂಗೈ ಮೇಲಿನ ಬಿಸಿಗೂ ಸಂಬಂಧ ಇದೆ ಎಂದು ಹೊಳೆದದ್ದು ಹದಿನಾಲ್ಕು ಶಾಫ್ಟು ಹಾಳಾದ ಮೇಲೆ. ದುಡಿಮೆ ಮತ್ತು ಓದು ಒಂದೇ ವಾರದಲ್ಲಿ, ಒಂದೇ ಸೂರಿನಡಿ ಇರಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಬುಧವಾರದ ತಪ್ಪಿಗೆ ಶನಿವಾರ ಲೆಕ್ಕ ಸಿಕ್ಕಿತು. ಮಧ್ಯೆ ಎರಡು ವರ್ಷದ ಅಂತರ ಇದ್ದಿದ್ದರೆ ತಪ್ಪೂ ಮರೆಯುತ್ತಿತ್ತು, ಲೆಕ್ಕವೂ ಮರೆಯುತ್ತಿತ್ತು.

ಆ ರಾತ್ರಿ ಅಪ್ಪನಿಗೆ ಹೇಳಿದೆ. ಅವನಿಗೆ ಮೈಕ್ರಾನ್ ಎಂದರೆ ಏನೆಂದು ಗೊತ್ತಿಲ್ಲ, ಬಿಸಿ ಎಂದರೆ ಗೊತ್ತು. ಭಟ್ಟಿಯಲ್ಲಿ ಮರಳು ಎಷ್ಟು ಕಾದಿದೆ ಎಂದು ನೋಡಲು ಮೊದಲು ಒಂದು ಹಿಡಿ ಅಕ್ಕಿ ಎರಚಿ ನೋಡುತ್ತಾರೆ. ತಟ್ಟನೆ ಅರಳಿದರೆ ಹದ, ತಡೆದು ಅರಳಿದರೆ ಇನ್ನೂ ಬೆಂಕಿ ಬೇಕು, ಸೀದರೆ ಮೀರಿದೆ. "ಹದ ನೋಡ್ದೆ ಮೂಟೆ ಸುರಿದ್ರೆ ಮೂಟೆನೇ ಹೋಗ್ತತಿ. ನೀನು ಒಂದನ್ನ ಆರಕ್ಕಿಟ್ಟು ನೋಡ್ಬೇಕಿತ್ತು" ಅಂದ. ಹೌದು, ಮರುದಿನದಿಂದ ಹಾಗೇ ಮಾಡಿದೆ. ಸೆಟ್ಟಿಂಗ್‌ನ ಮೊದಲ ಪೀಸನ್ನು ಸರ್ಫೇಸ್ ಪ್ಲೇಟ್ ಎಂಬ ಸಮತಟ್ಟು ಹಲಗೆ ಮೇಲೆ ಇಟ್ಟು, ಪಕ್ಕದಲ್ಲೇ ಮೈಕ್ರೋಮೀಟರನ್ನೂ ಇಟ್ಟು, ಎರಡೂ ಒಂದೇ ಹದಕ್ಕೆ ಬಂದ ಮೇಲೆ ಅಳೆಯುತ್ತಿದ್ದೆ. ಮೈಕ್ರೋಮೀಟರನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದರೆ ಅದರ ಫ್ರೇಮೂ ಮೈಬಿಸಿಗೆ ಹಿಗ್ಗುತ್ತದೆ, ಇದನ್ನೂ ಆಮೇಲೆ ಕಲಿತೆ.

ಓದು ಸಲೀಸಾಗಿರಲಿಲ್ಲ. ವಾರಕ್ಕೊಂದು ದಿನ ಥಿಯರಿ ಬಿಟ್ಟರೆ ಉಳಿದದ್ದು ಮನೆಯಲ್ಲೇ. ಬೆಳಗಿನ ಶಿಫ್ಟ್ ಇದ್ದ ವಾರ ಮಧ್ಯಾಹ್ನ ಮೂರಕ್ಕೆ ಮನೆ, ಊಟ ಮಾಡಿದ ತಕ್ಷಣ ಕಣ್ಣು ಎಳೆಯುತ್ತಿತ್ತು. ಒಂದು ತಾಸು ಮಲಗಿ, ಎದ್ದು ಮಾಳಿಗೆ ಮೇಲೆ ಕೂತು ವರ್ಕ್‌ಶಾಪ್ ಲೆಕ್ಕ ಮಾಡುತ್ತಿದ್ದೆ. ಎರಡನೇ ಶಿಫ್ಟಿನ ವಾರ ಓದು ಆಗುತ್ತಲೇ ಇರಲಿಲ್ಲ. ತಿಂಗಳಿಗೆ ಅಮ್ಮನ ಕೈಗೆ 4,000 ಕೊಟ್ಟು, ಬಸ್ಸು ಚಹಾ ಕಳೆದು ಏನೂ ಉಳಿಯುತ್ತಿರಲಿಲ್ಲ. ಪೀಣ್ಯದ ಗೆಳೆಯ ಹಬ್ಬಕ್ಕೆ ಹೊಸ ಫೋನ್ ಹಿಡಿದು ಬಂದಾಗ ಮನಸ್ಸು ಹೊಯ್ದಾಡಿದ್ದು ನಿಜ. ಮನೆಯಿಂದ ಓಡಾಡುವ ಹುಡುಗನಿಗೆ 7,000 ಹೇಗೋ ಸಾಗುತ್ತದೆ. ಜಗಳೂರಿನಿಂದ ಬಂದು ರೂಮು ಮಾಡಿಕೊಂಡಿದ್ದ ನನ್ನ ಜೊತೆಗಾರನಿಗೆ ಸಾಗಲಿಲ್ಲ, ಐದನೇ ತಿಂಗಳಿಗೆ ಬಿಟ್ಟುಹೋದ. ನನಗಿಂತ ಚೆನ್ನಾಗಿ ಕೈ ಓಡುತ್ತಿದ್ದವನು. ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ನೋವು ಕೊಟ್ಟ ಸಂಗತಿ ಅದು. ದೂರದ ಹಳ್ಳಿಯ ಹುಡುಗನಿಗೆ ಊಟ, ವಸತಿಯದ್ದೊಂದು ದಾರಿ ಆಗದೆ ಸ್ಟೈಪೆಂಡ್ ಒಂದರಿಂದಲೇ ವರ್ಷ ದಾಟಿಸು ಎನ್ನುವುದು ನ್ಯಾಯವಲ್ಲ.

ಮಳೆಗಾಲದಲ್ಲಿ ಆರ್ಡರ್ ಜಾಸ್ತಿಯಾಗಿ, ಶಿಫ್ಟ್ ಮುಗಿದ ಮೇಲೂ ನಾಲ್ಕು ತಾಸು ನಿಲ್ಲಿ ಎಂದರು. ಮೂರು ದಿನ ನಿಂತೆವು. ಅಪ್ರೆಂಟಿಸ್‌ಗಳನ್ನು ಓವರ್‌ಟೈಮ್ ನಿಲ್ಲಿಸಬೇಕಾದರೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಬೇಕು ಎಂದು 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಇದೆ. ನಾಲ್ಕನೇ ದಿನ ಮತ್ತೆ ಕಾಗದ ಹಿಡಿದು ಹೋದೆ. ಈ ಸಲ ಧ್ವನಿ ನಡುಗಲಿಲ್ಲ. ನಿಲ್ಲಿಸುವುದು ಬಿಟ್ಟರು.

ಒಪ್ಪಂದ ಮುಗಿದ ಮೇಲೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದೆ. ಥಿಯರಿ ಕಂಪ್ಯೂಟರ್ ಮುಂದೆ, ಪ್ರಾಕ್ಟಿಕಲ್ ಲೇಥ್ ಮುಂದೆ. ಸ್ಟೆಪ್ಪು, ಟೇಪರ್, ಥ್ರೆಡ್ ಎಲ್ಲ ಇದ್ದ ಜಾಬ್. ಕೊನೇ ಕಟ್‌ಗೆ ಮೊದಲು ಮಿಷಿನ್ ನಿಲ್ಲಿಸಿ, ಜಾಬ್ ಆರಲಿ ಎಂದು ಕೈಕಟ್ಟಿ ನಿಂತೆ. ಸಮಯ ಹೋಗುತ್ತಿದೆ ಎಂದು ಪರೀಕ್ಷಕರು ಎಚ್ಚರಿಸಿದರು. "ಗೊತ್ತು ಸರ್" ಅಂದೆ. ಪಾಸಾದೆ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಬಂತು. ಕಂಪನಿಗೆ ನಮ್ಮನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯ ಇರಲಿಲ್ಲ. ಆದರೂ ಕೆಲವು ತಿಂಗಳು ಆಪರೇಟರ್ ಆಗಿ ಇಟ್ಟುಕೊಂಡರು. ಆ ದುಡ್ಡನ್ನು ಫೀಸಿಗೆಂದು ಎತ್ತಿಟ್ಟೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ ಇದೆ. 2025ರಲ್ಲಿ ಮೆಕ್ಯಾನಿಕಲ್‌ಗೆ ಸೇರಿದೆ. ಗಣಿತ ಹಿಂದೆ ಬಿದ್ದಿದೆ, ಸಂಜೆ ಅದನ್ನೇ ಹಿಡಿದು ಕೂರುತ್ತೇನೆ. ಭಾನುವಾರ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇಥ್ ಕೆಲಸ.

ಕಳೆದ ವಾರ ನಮ್ಮ ಓಣಿಯ ಹುಡುಗನೊಬ್ಬ, ಫಿಟ್ಟರ್ ಮುಗಿಸಿದವನು, ಫೋನ್ ಹಿಡಿದು ನಮ್ಮ ಜಗುಲಿಗೆ ಬಂದ. "ಅಣ್ಣ, ಅಪ್ರೆಂಟಿಸ್‌ಗೆ ಹೆಸ್ರು ಹಾಕ್ಕೊಡು." ಮೊದಲು ಅವನ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ನೋಡಿದೆವು. ಸರಿಯಾಗಿತ್ತು. ಆಮೇಲೆ ಫಿಟ್ಟರ್ ಸಿಲಬಸ್ ಹುಡುಕಿ ಇಳಿಸಿಕೊಟ್ಟೆ, ಪ್ರಿಂಟ್ ಹಾಕಿಸಿಕೊ ಎಂದು ಹತ್ತು ರೂಪಾಯಿಯ ಎರಡು ನೋಟೂ ಕೊಟ್ಟೆ. ಅವನು ಜಯದೇವ ಸರ್ಕಲ್ ಕಡೆ ಸೈಕಲ್ ತುಳಿದ.